ಟೇಲರನ ಆತ್ಮಚರಿತ್ರೆಯಲ್ಲಿ ಸುರಪುರ

ಮೆಡೋಸ್ ಟೇಲರನ ಆತ್ಮಚರಿತ್ರೆಯು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ವ್ಯಾಪಾರಕ್ಕೆಂದು ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದು, ಆ ವ್ಯಾಪಾರವು ಕೈಗೂಡದೆ ನಿಜಾಮನ ಸೈನ್ಯವನ್ನು ಸೇರಿದ ಈ ಆಂಗ್ಲನನ್ನು ಲೋಕವು ಠಗ್ಗರ ಕಾದಂಬರಿಯಿಂದ ಬಲ್ಲುದು. ಸುರಪುರ ಸೀಮೆಯ ವಾಚಕರಿಗಾದರೋ ಈ ಗ್ರಂಥವೇ ಮುಖ್ಯವು.

1841ರಿಂದ 1853ರವರೆಗೆ ಬಾಲರಾಜ ವೆಂಕಟಪ್ಪ ನಾಯಕನ ಸಂಸ್ಥಾನವು ಟೇಲರನ ಮೇಲ್ವಿಚಾರಣೆಯಲ್ಲಿದ್ದಿತು. ಬೋನಾಳದ ಕೆರೆಯ ಕಾಮಗಾರಿ ಮುಂತಾದುವನ್ನು ಹೇಳುವಲ್ಲಿ ಬರೆಹವು ದಫ್ತರದ ವರದಿಯಂತಿದ್ದರೂ ನಂಬುಗೆಗೆ ಅರ್ಹವು. ರಾಜಮಾತೆ ಈಶ್ವರಮ್ಮನ ಪ್ರಸ್ತಾಪ ಬಂದೊಡನೆ ಲೇಖನಿಯು ಕಟುವಾಗುವುದು. ಆಕೆಯ ದೋಷಗಳನ್ನೆಲ್ಲ ಹೇಳುವವನು ಆಕೆಯ ಅಧಿಕಾರವನ್ನು ಕಿತ್ತುಕೊಂಡವನೇ; ಆಕೆಯ ಉತ್ತರಕ್ಕೆ ಗ್ರಂಥದಲ್ಲಿ ಎಡೆಯೇ ಇಲ್ಲ. ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ಅಷ್ಟು ತಾಳ್ಮೆಯಿಂದ ಪರಿಶೀಲಿಸಿದ ಕಣ್ಣು ಇಲ್ಲಿ ಅವಸರಪಟ್ಟಿದೆ.

ಗ್ರಂಥದ ಪ್ರಾಣವಿರುವುದು ಸೆರೆಮನೆಯ ಪ್ರಸಂಗದಲ್ಲಿ. 1858ರ ಫೆಬ್ರವರಿಯಲ್ಲಿ ಸುರಪುರವು ಬಿದ್ದಾಗ ಟೇಲರನು ವರಾಡದಲ್ಲಿದ್ದನು. ಯುದ್ಧದ ಸಂಗತಿಯು ಅವನಿಗೆ ಕೇಳಿಬಂದದ್ದು. ಹೈದರಾಬಾದಿನ ಸೆರೆಯಲ್ಲಿ ರಾಜನನ್ನು ಕಂಡದ್ದಾದರೋ ಪ್ರತ್ಯಕ್ಷವು. ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ತರುಣನು ಸಂಕೋಲೆಯವರ ಕಾವಲಿನಲ್ಲಿ ನಿಂತುದನ್ನು ಅಲಂಕಾರದ ಹಂಗಿಲ್ಲದೆ ಬರೆದಿರುವುದರಿಂದಲೇ ಕರುಣರಸವು ಮೈದೋರಿದೆ. ಮರಣದಂಡನೆಯು ಗಡೀಪಾರಿಗೆ ಇಳಿದು, ಕಡೆಗೆ ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಸಾಗುವ ದಾರಿಯಲ್ಲಿ ರಾಜನು ಪಿಸ್ತೂಲಿನ ಗುಂಡಿನಿಂದ ಮೃತನಾದನು.

ಇಲ್ಲಿ ಜಾತಕದ ವಿಷಯವೊಂದುಂಟು. ರಾಜನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಾಯುವನೆಂದು ಆಸ್ಥಾನದ ಶಾಸ್ತ್ರಿಯೊಬ್ಬನು ಮೊದಲೇ ತಿಳಿಸಿದ್ದನೆಂದು ಟೇಲರನು ಬರೆಯುತ್ತಾನೆ. ಜ್ಯೋತಿಷದಲ್ಲಿ ಶ್ರದ್ಧೆಯುಳ್ಳವರೂ ಒಂದು ಮಾತನ್ನು ಗಮನಿಸಬೇಕು: ಸಾವಿನ ತರುವಾಯ ಬರೆದಿಟ್ಟ ಭವಿಷ್ಯವು ಪ್ರಮಾಣಕೋಟಿಗೆ ಸೇರದು. ಕಾದಂಬರಿಕಾರನ ಕೈಚಳಕವೆಂದು ಇದನ್ನು ಮೆಚ್ಚಿದರೆ ತಪ್ಪಿಲ್ಲ. ಆದರೆ ಗ್ರಹಗಳೇ ಕೊಂದುವೆಂದ ಮೇಲೆ ಮನುಷ್ಯರನ್ನು ಕೇಳುವವರಾರು? ಹನ್ನೆರಡು ವರ್ಷ ಸಾಕಿ ಬೆಳೆಸಿದ ಹುಡುಗನನ್ನು ಐದೇ ವರ್ಷಗಳಲ್ಲಿ ದಂಗೆಗೆ ತಂದದ್ದು ಏನು, ತನ್ನ ಶಿಕ್ಷಣದಲ್ಲಿ ಕೊರತೆಯಿದ್ದಿತೋ, ಸರಕಾರದ ನಡೆಯಲ್ಲೋ ಎಂಬ ಪ್ರಶ್ನೆಯನ್ನು ಟೇಲರನು ಕೊನೆಯವರೆಗೆ ಬೆನ್ನಟ್ಟಲಿಲ್ಲ. 1860ರಲ್ಲಿ ಸಂಸ್ಥಾನವು ನಿಜಾಮನ ವಶವಾಯಿತು. ಅದೇ ವರ್ಷ ಅವನು ಹಿಂದೂಸ್ಥಾನವನ್ನು ಬಿಟ್ಟನು. ಗುಡ್ಡದ ಮೇಲಣ ಅವನ ಮನೆಗೆ ಸುರಪುರದವರು ಇಂದಿಗೂ ಟೇಲರ್ ಮಂಜಿಲೆಂದೇ ಹೆಸರು ಹೇಳುತ್ತಾರೆ.