ಬೆಳ್ಳಿಯ ಮುದ್ರೆ ಹೇಳದ ಮಾತು

ಅದೊಂದು ಪುಟ್ಟ ಚಮಚ. ಗುಳಿಯ ತುಂಬ ರಂಧ್ರಗಳು. ಹಿಡಿ ಕಡ್ಡಿಯಂತೆ ತೆಳುವಾಗಿ ನೀಳವಾಗಿದ್ದು, ತುದಿಯಲ್ಲಿ ಈಟಿಯ ಮೊನೆಯಂತೆ ಚೂಪಾಗಿದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಬೆಳ್ಳಿ ಕೆಲಸದವರು ಕೈಯಿಂದ ತಯಾರಿಸಿದ ಇಂಥ ಚಮಚಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ, ಹರಾಜಿಗೂ ಬರುತ್ತವೆ. ತುಂಬಿದ್ದೆಲ್ಲ ಸೋರಿಹೋಗುವ ಚಮಚ ಯಾರಿಗೆ ಬೇಕಿತ್ತು?

ಉತ್ತರಕ್ಕಾಗಿ ನಾವು ಮೊದಲು ನೋಡುವುದು ಮುದ್ರೆಯನ್ನು. ಸ್ಟರ್ಲಿಂಗ್ ಎಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಉಳಿದದ್ದು ಸಾಮಾನ್ಯವಾಗಿ ತಾಮ್ರ. ಇಂಗ್ಲೆಂಡಿನಲ್ಲಿ 1544ರಿಂದ ಬಳಕೆಗೆ ಬಂದ ನಡೆಯುವ ಸಿಂಹದ ಗುರುತು ಈ ಶುದ್ಧತೆಯ ಭರವಸೆ. ಪೂರ್ಣ ಮುದ್ರೆಗಳಿದ್ದರೆ ತಯಾರಕ ಯಾರು, ಯಾವ ಊರಿನಲ್ಲಿ ಪರೀಕ್ಷೆಯಾಯಿತು, ಯಾವ ವರ್ಷ ಎಂಬುದೂ ತಿಳಿಯುತ್ತದೆ. ಆದರೆ ಈ ವಸ್ತು ಯಾತಕ್ಕೆ ಎಂಬ ಪ್ರಶ್ನೆಗೆ ಮುದ್ರೆ ಮೌನವಾಗಿದೆ. ಬೆಲೆ ಕಟ್ಟುವವನಿಗೆ ಬೇಕಾದುದೆಲ್ಲ ಅದರಲ್ಲಿದೆ. ಬದುಕನ್ನು ಅರಿಯಬಯಸುವವನಿಗೆ ಬೇಕಾದುದು ಇಲ್ಲ.

ಹೀಗಾದಾಗ ಊಹೆಗಳು ಹುಟ್ಟುತ್ತವೆ. ಆಲಿವ್ ಕಾಯಿಯನ್ನು ಚುಚ್ಚಿ ತೆಗೆಯಲು ಎಂದರು ಕೆಲವರು. ಹಿಪ್ಪುನೇರಳೆ ಹಣ್ಣು ತಿನ್ನಲು ಎಂದರು ಇನ್ನು ಕೆಲವರು. ಕೆಲವು ಚಮಚಗಳ ರಂಧ್ರಗಳು ಶಿಲುಬೆಯ ಆಕಾರದಲ್ಲಿರುವುದನ್ನು ಕಂಡವರಿಗೆ ಇದು ಚರ್ಚಿನ ಪೂಜಾ ಸಾಮಗ್ರಿ ಎನಿಸಿದರೂ ಆಶ್ಚರ್ಯವಿಲ್ಲ. ವಸ್ತುವಿನ ಒಂದು ಅಂಗವನ್ನು ಮಾತ್ರ ಹಿಡಿದು ಇಡೀ ಕಥೆ ಕಟ್ಟುವುದೇ ಈ ಊಹೆಗಳ ದೋಷ. ಮೊನೆಯನ್ನು ವಿವರಿಸಿದವರು ರಂಧ್ರವನ್ನು ಮರೆತರು. ರಂಧ್ರವನ್ನು ನೋಡಿದವರು ಮೊನೆಯನ್ನು ಬಿಟ್ಟರು.

ನಿಜ ಸಂಗತಿ ಬಹಳ ಸರಳ. ಇದು ಚಹಾದ ಚಮಚ. ಸೋಸುವ, ಚೂಪು ಹಿಡಿಯ ಚಹಾ ಚಮಚಗಳ ಉಲ್ಲೇಖ 1697ರ ‘ಲಂಡನ್ ಗೆಜೆಟ್’ನ ಜಾಹೀರಾತಿನಲ್ಲೇ ಇದೆ. ಚಹಾ ಪೆಟ್ಟಿಗೆಗಳಲ್ಲಿ ಸಾಮಾನ್ಯ ಚಮಚಗಳು ಮತ್ತು ಸಕ್ಕರೆ ಚಿಮಟದ ಜೊತೆಯಲ್ಲೇ ಇದೂ ಸಿಕ್ಕಿದೆ. ಕಪ್ಪಿನಲ್ಲಿ ತೇಲುವ ಎಲೆ, ಪುಡಿಗಳನ್ನು ರಂಧ್ರದ ಗುಳಿಯಿಂದ ತೆಗೆಯುವುದು. ಟೀ ಪಾಟ್‌ನ ಮೂತಿಯ ಬುಡದಲ್ಲಿ ಸಿಕ್ಕಿಕೊಂಡ ಎಲೆಯನ್ನು ಮೊನೆಯಿಂದ ಬಿಡಿಸುವುದು. ಈ ವಿವರಣೆಯಲ್ಲಿ ಚಮಚದ ಎರಡೂ ತುದಿಗಳಿಗೆ ಕೆಲಸವಿದೆ. ಆ ಕಾಲದಲ್ಲಿ ಚೀನಾದಿಂದ ಬರುತ್ತಿದ್ದ ಚಹಾ ದುಬಾರಿ. ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು. ಕಸ ತೆಗೆಯಲೂ ಬೆಳ್ಳಿಯ ಚಮಚ ಬೇಕೆನಿಸಿದ್ದು ಅದಕ್ಕೇ. ಆ ಶತಮಾನದ ಕೊನೆಗೆ ಚಹಾ ಸೋಸುವ ಜಾಲರಿ ಬಂದಿತು; ಚಮಚದ ಕೆಲಸ ಮುಗಿಯಿತು. ಕೆಲಸ ಮುಗಿದ ಮೇಲೆ ಅದರ ಅರ್ಥವೂ ಮರೆಯಿತು.

ಗಮನಿಸಿ, ಗುಟ್ಟನ್ನು ಬಿಡಿಸಿದ್ದು ಲೋಹವಲ್ಲ. ಒಂದು ಹಳೆಯ ಜಾಹೀರಾತು ಮತ್ತು ಜೊತೆಗಿದ್ದ ವಸ್ತುಗಳು. ಒಂಟಿಯಾಗಿ ಗಾಜಿನೊಳಗೆ ಇಟ್ಟಾಗ ಒಗಟಾಗುವುದು, ತನ್ನ ಸಂಗಾತಿಗಳ ನಡುವೆ ಇಟ್ಟಾಗ ತಾನೇ ಮಾತಾಡುತ್ತದೆ. ಆದುದರಿಂದ ವಸ್ತುವನ್ನು ಅದರ ಪರಿವಾರದಿಂದ ಬೇರ್ಪಡಿಸಿ, ತೂಕ ಮತ್ತು ಮುದ್ರೆಯನ್ನಷ್ಟೇ ಬರೆದು ತೂಗುಹಾಕುವ ಪ್ರದರ್ಶನ ಕ್ರಮ ಅಪೂರ್ಣವೆಂದು ಹೇಳಲೇಬೇಕಾಗುತ್ತದೆ.

ಇದು ಇಂಗ್ಲೆಂಡಿನ ಚಮಚದ ಕಥೆ ಮಾತ್ರವೇ? ನಮ್ಮ ಹಳೆಯ ಮನೆಗಳಲ್ಲಿ ಅತ್ತರ್‌ದಾನಿ, ಗುಲಾಬ್‌ದಾನಿ, ಸುರ್ಮಾದಾನಿಗಳಿದ್ದವು. ಒಂದೇ ಬಳೆಗೆ ಪೋಣಿಸಿದ ಹಲ್ಲುಕಡ್ಡಿ ಮತ್ತು ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಬೆಳ್ಳಿ ಚಮಚವೂ ಇತ್ತು. ಅಜ್ಜಿ ಇದ್ದಷ್ಟು ದಿನ ಅವು ಒಗಟಾಗಿರಲಿಲ್ಲ. ಈಗ ಮೊಮ್ಮಕ್ಕಳು ಅವನ್ನು ತಕ್ಕಡಿಗೆ ಹಾಕುತ್ತಾರೆ. ಗ್ರಾಂ ಲೆಕ್ಕದಲ್ಲಿ ಹಣ ಎಣಿಸಿಕೊಳ್ಳುತ್ತಾರೆ. ಬೇಡವಾದುದನ್ನು ಮಾರುವುದು ತಪ್ಪಲ್ಲ. ಆದರೆ ಕರಗಿಸುವ ಮೊದಲು ಮನೆಯ ಹಿರಿಯರೊಬ್ಬರನ್ನು ಕೇಳಿ, ಎರಡು ಸಾಲು ಬರೆದಿಟ್ಟುಕೊಳ್ಳಲು ನಮಗೆ ಬಿಡುವಿಲ್ಲವೇ?

ಬೆಳ್ಳಿಯನ್ನು ಮತ್ತೆ ಕೊಳ್ಳಬಹುದು. ಅದನ್ನು ಬಳಸಿದ ಕೈಗಳ ನೆನಪು ಯಾವ ಅಂಗಡಿಯಲ್ಲೂ ಸಿಗದು.