ಬಾಟ್ ಕೇಳುತ್ತದೆ, ಟರ್ಮಿನಲ್ ಓದಗೊಡುವುದಿಲ್ಲ

2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಬೀದರ ಜಿಲ್ಲೆಯ ಕಮಲನಗರವೂ ಒಂದು. ಅದು ಔರಾದ ತಾಲ್ಲೂಕಿನಿಂದ ಬೇರೆಯಾದ ಮೇಲೆ ವಿಕಿಪೀಡಿಯದಲ್ಲಿ ಆ ಭಾಗದ ಊರುಗಳ ಮಾಹಿತಿಯೂ ಬದಲಾಗಬೇಕು. ಬ್ರೌಸರಿನಲ್ಲಿ ಒಂದೊಂದೇ ಪುಟ ತೆರೆದು ತಿದ್ದಲು ಬೇಸರವಾದವರಿಗೆ ಪೈವಿಕಿಬಾಟ್ ಎಂಬ ಸಲಕರಣೆ ಇದೆ. ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದರೆ ಸಾಕು, ಪುಟದಿಂದ ಪುಟಕ್ಕೆ ತಾನೇ ಹೋಗಿ ತಿದ್ದುತ್ತದೆ.

ಇದರ ವೇಗವನ್ನು ಹೊಗಳುವವರು ಬಹಳ. ನನಗೆ ಹಿಡಿಸಿದ್ದು ಇದರ ಸಂಕೋಚ. ಡೇಟಾಬೇಸಿಗೆ ನೇರ ಕೈಹಾಕದೆ ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ ಎಪಿಐ ಮೂಲಕ, ಲಾಗಿನ್ ಆದ ಖಾತೆಯ ಹೆಸರಿನಲ್ಲೇ ಉಳಿಸುತ್ತದೆ. ಯಾರು, ಯಾವಾಗ ತಿದ್ದಿದರೆಂಬುದು ಪುಟದ ಇತಿಹಾಸದಲ್ಲಿರುತ್ತದೆ. ತಪ್ಪಿದ್ದರೆ ಬೇರೆಯವರೂ ರದ್ದು ಮಾಡಬಹುದು. ನಾವು ಬದಲಿಸದಿದ್ದರೆ ಎರಡು ತಿದ್ದುಪಡಿಗಳ ನಡುವೆ ಹತ್ತು ಸೆಕೆಂಡು ಬಿಡುತ್ತದೆ. ಸರ್ವರಿನೊಳಗೇ ಕೂತು ಮೇಂಟೆನೆನ್ಸ್ ಸ್ಕ್ರಿಪ್ಟ್ ಓಡಿಸುವವರಿಗೆ ಈ ಕಟ್ಟುಪಾಡುಗಳು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ.

ಆದರೆ ಪದ ಬದಲಿಸುವ ಇದರ ರಿಪ್ಲೇಸ್ ಸ್ಕ್ರಿಪ್ಟಿಗೆ ಗೊತ್ತಿರುವುದು ಅಕ್ಷರ, ಊರಲ್ಲ. ‘ಔರಾದ’ ಇದ್ದಲ್ಲೆಲ್ಲ ‘ಕಮಲನಗರ’ ಹಾಕು ಎಂದರೆ, ‘ಕಮಲನಗರ ಮೊದಲು ಔರಾದ ತಾಲ್ಲೂಕಿನಲ್ಲಿತ್ತು’ ಎಂಬ ವಾಕ್ಯವು ಕಮಲನಗರವನ್ನು ಕಮಲನಗರದಲ್ಲೇ ಇರಿಸಿಬಿಡುತ್ತದೆ. ವಿಧಾನಸಭಾ ಕ್ಷೇತ್ರದ ಹೆಸರು ಈಗಲೂ ಔರಾದವೇ, ಅದೂ ಕೆಡುತ್ತದೆ. ಸಂಸ್ಥೆಗಳ ಹೆಸರಿನದೂ ಇದೇ ಪಾಡು: ಅದೇ ಜಿಲ್ಲೆಯ ಭಾಲ್ಕಿಯ ರೂರಲ್ ಎಂಜಿನಿಯರಿಂಗ್ ಕಾಲೇಜು ಈಗ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯ ನಿಜ, ಆದರೆ ಹಳೆಯ ಪ್ರಸಂಗ ಹೇಳುವಾಗ ಹಳೆಯ ಹೆಸರೇ ಸರಿ. ಇನ್ನು ಬೀದರ, ಬೀದರ್ ಎರಡೂ ಬಳಕೆಯಲ್ಲಿವೆ. ‘ಬೀದರ್‌ನ’ ಎಂದು ಬರೆದಲ್ಲಿ ನಡುವೆ ಕಣ್ಣಿಗೆ ಕಾಣದ, ಶೂನ್ಯ ಅಗಲದ ಅಕ್ಷರವೊಂದು ಕೂತಿರುತ್ತದೆ. ಅದಿಲ್ಲದೆ ಹುಡುಕಿದರೆ ಆ ಪದ ಸಿಗುವುದೇ ಇಲ್ಲ.

ತಪ್ಪಾಗಿ ಬದಲಾಗುವುದಕ್ಕೆ ಮದ್ದು ಸ್ಕ್ರಿಪ್ಟಿನಲ್ಲೇ ಇದೆ. ಉಳಿಸುವ ಮುನ್ನ ಹಳೆಯ ಸಾಲು, ಹೊಸ ಸಾಲು ತೋರಿಸಿ ಸಮ್ಮತಿ ಕೇಳುತ್ತದೆ. ತೊಡಕಿರುವುದು ಇಲ್ಲೇ. ಬಹುಪಾಲು ಟರ್ಮಿನಲ್‌ಗಳು ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದವು. ಅಲ್ಲಿ ಕನ್ನಡದ ಒತ್ತು ಒಂದು ಕಡೆ, ಗುಣಿತ ಇನ್ನೊಂದು ಕಡೆ. ಓದಲಾಗದ ಪ್ರಶ್ನೆಗೆ ಎಷ್ಟು ಸಲ ಹೂಂ ಅನ್ನುವುದು? ಬೇಸತ್ತವರು ‘ಎಲ್ಲವೂ’ ಎಂಬ ಕೀಲಿ ಒತ್ತುತ್ತಾರೆ, ಅಲ್ಲಿಗೆ ಕಾವಲು ಮುಗಿಯಿತು. ಇಂಗ್ಲಿಷಿನವರಿಗೆ ಈ ಸಲಕರಣೆ ಕೊಡುವ ಭದ್ರತೆ ನಮಗೆ ಅರ್ಧವೂ ಸಿಗುವುದಿಲ್ಲ.

ಹಾಗೆಂದು ಬಿಡುವ ಸಲಕರಣೆಯಲ್ಲ. ಕಮಲನಗರಕ್ಕೆ ಸೇರಿದ ಊರುಗಳ ಪಟ್ಟಿಯನ್ನು ಕೈಯಾರೆ ಬರೆದು ಕಡತವಾಗಿ ಕೊಡಬಹುದು. ಸಿಮ್ಯುಲೇಟ್ ಆಯ್ಕೆಯಲ್ಲಿ, ಏನನ್ನೂ ಉಳಿಸದೆ ಮೊದಲು ಓಡಿಸಬಹುದು. ಬಂದ ಫಲಿತಾಂಶವನ್ನು ಮಾತ್ರ ಟರ್ಮಿನಲ್‌ನಲ್ಲಿ ಓದಬೇಡಿ, ಟೆಕ್ಸ್ಟ್ ಎಡಿಟರಿಗೆ ತಂದು ಓದಿ.