ಹಳೆಯ ಅಂಗಿಯೂ ಹಳೆಯ ನೆನಪೂ

ಪದಾರ್ಥಸಂಗ್ರಹವೆಂಬ ಹವ್ಯಾಸವನ್ನು ಕೆಲವರು ಲೋಭದ ಸೌಮ್ಯರೂಪವೆಂದೂ ಮತ್ತೆ ಕೆಲವರು ವಿದ್ಯೆಯ ಒಂದು ಅಂಗವೆಂದೂ ಎಣಿಸುವರು. ನಾಣ್ಯ, ಅಂಚೆಚೀಟಿ, ತಾಳೆಯೋಲೆ ಮೊದಲಾದವುಗಳನ್ನು ಕೂಡಿಡುವವನಿಗೆ ಲೋಕದಲ್ಲಿ ಒಂದು ಬಗೆಯ ಮರ್ಯಾದೆಯುಂಟು. ಆದರೆ ಕಾಲ್ಚೆಂಡಾಟದ ಹಳೆಯ ಅಂಗಿಗಳನ್ನು ಬಾಲ್ಯದಿಂದ ಮುಪ್ಪಿನವರೆಗೂ ಹುಡುಕಿ ತಂದು, ಒಗೆದು, ಮಡಿಸಿ, ಪೆಟ್ಟಿಗೆಗಳಲ್ಲಿ ಕಾಪಾಡುವವನೊಬ್ಬನಿದ್ದಾನೆಂದರೆ ಕೇಳಿದವರಿಗೆ ನಗು ಬರುವುದು ಸಹಜ. ಇಂಗ್ಲೆಂಡಿನಲ್ಲಿಯೂ ಯೂರೋಪಿನ ಇತರ ದೇಶಗಳಲ್ಲಿಯೂ ಇಂಥವರು ಅನೇಕರಿರುವರು. ಇಂಥ ಅಂಗಿಗಳ ಕ್ರಯವಿಕ್ರಯಕ್ಕೆಂದೇ ೨೦೦೬ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಒಂದು ವ್ಯಾಪಾರಸಂಸ್ಥೆ ಹುಟ್ಟಿ ದೊಡ್ಡದಾಗಿ ಬೆಳೆದಿದೆ. ನಗುವುದು ಸುಲಭ; ಆದರೆ ನಗು ವಿಮರ್ಶೆಯಾಗಲಾರದು. ಈ ಹವ್ಯಾಸದಲ್ಲಿ ಗುಣವೆಷ್ಟು, ದೋಷವೆಷ್ಟು, ಅದರ ಸ್ವಾರಸ್ಯವು ಎಲ್ಲಿ ನೆಲೆಸಿದೆ ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಮೊದಲು ವಸ್ತುವಿನ ವಿಷಯ. ಪೂರ್ವಕಾಲದ ಆಟದಂಗಿಯು ಉಣ್ಣೆಯದೋ ದಪ್ಪ ಹತ್ತಿಯದೋ ಆಗಿದ್ದು, ಮಳೆಯಲ್ಲಿ ನೆನೆದರೆ ಆಟಗಾರನಿಗೆ ಭಾರವಾಗುತ್ತಿದ್ದಿತು. ಬೆನ್ನಿನ ಮೇಲೆ ಅಂಕೆಯೂ ಇರಲಿಲ್ಲ. ೧೯೨೮ನೆಯ ಆಗಸ್ಟ್ ೨೫ರಂದು ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ಅಂಕೆಗಳನ್ನು ಧರಿಸಿ ಆಡಿದುವು. ಇಂಗ್ಲಿಷ್ ಲೀಗಿನಲ್ಲಿ ಅದು ಕಡ್ಡಾಯವಾದುದು ೧೯೩೯ರಲ್ಲಿ. ಲೆಸ್ಟರಿನ ಅಡ್ಮಿರಲ್ ಎಂಬ ಕಾರ್ಖಾನೆಯವರು ೧೯೭೦ರ ದಶಕದಲ್ಲಿ ಲೀಡ್ಸ್ ಯುನೈಟೆಡ್ಡಿಗೂ, ೧೯೭೪ರಲ್ಲಿ ಇಂಗ್ಲೆಂಡಿನ ರಾಷ್ಟ್ರತಂಡಕ್ಕೂ ಉಡುಪನ್ನು ಒದಗಿಸಿ, ಅದರ ಪಡಿಯಚ್ಚುಗಳನ್ನು ಮಕ್ಕಳಿಗೆ ಮಾರತೊಡಗಿದರು. ಅಂದಿನಿಂದ ಆಡುವವನ ಉಡುಪು ನೋಡುವವನ ಉಡುಪೂ ಆಯಿತು. ೧೯೭೬ನೆಯ ಜನವರಿಯಲ್ಲಿ ಕೆಟರಿಂಗ್ ಟೌನ್ ಎಂಬ ಚಿಕ್ಕ ತಂಡವು ‘ಕೆಟರಿಂಗ್ ಟಯರ್ಸ್’ ಎಂದು ಎದೆಯ ಮೇಲೆ ಬರೆಯಿಸಿಕೊಂಡು ಆಡಿತು. ಅಧಿಕಾರಿಗಳು ಆಕ್ಷೇಪಿಸಲು, ‘ಕೆಟರಿಂಗ್ ಟಿ’ ಎಂದಷ್ಟೇ ಉಳಿಸಿಕೊಂಡು, ಆ ಟಿ ಎಂಬುದು ಟೌನಿನದೇ ಹೊರತು ಟಯರಿನದಲ್ಲವೆಂದು ವಾದಿಸಿತು! ಶ್ಲೇಷದ ಈ ಚಮತ್ಕಾರವು ಅಧಿಕಾರಿಗಳ ಮುಂದೆ ನಿಲ್ಲಲಿಲ್ಲ. ಆದರೆ ೧೯೭೯ರ ಹೊತ್ತಿಗೆ ಲಿವರ್‌ಪೂಲಿನಂಥ ದೊಡ್ಡ ತಂಡವೇ ಹಿಟಾಚಿಯ ಹೆಸರನ್ನು ಹೊತ್ತಿತು. ಆಮೇಲೆ ಬಂದ ಪಾಲಿಯೆಸ್ಟರ್ ನೂಲು ಮತ್ತು ಬಟ್ಟೆಯೊಳಕ್ಕೇ ಬಣ್ಣವನ್ನಿಳಿಸುವ ಮುದ್ರಣವಿಧಾನಗಳಿಂದ ವಿಚಿತ್ರವಾದ ಚಿತ್ತಾರಗಳು ಸಾಧ್ಯವಾದುವು. ಹೀಗೆ ಸಾಲಾಗಿ ಹರಡಿದ ಹತ್ತು ಅಂಗಿಗಳಲ್ಲಿ ನೇಯ್ಗೆಯ, ವಾಣಿಜ್ಯದ, ನಿಯಮಗಳ ಚರಿತ್ರೆಯನ್ನು ಓದಬಹುದು. ಶಾಸನದ ಕಲ್ಲು ಮಾಡುವ ಕೆಲಸವನ್ನೇ ಇಲ್ಲಿ ಬಟ್ಟೆ ಮಾಡುತ್ತದೆ. ಇದು ಈ ಸಂಗ್ರಹದ ಮೊದಲನೆಯ ಗುಣ.

ಆದರೆ ಸಂಗ್ರಾಹಕನನ್ನು ಮೊದಲು ಎಳೆದುದು ಚರಿತ್ರೆಯಲ್ಲ. ಅವನು ಪ್ರಾಯಶಃ ತನ್ನ ಹತ್ತನೆಯ ವಯಸ್ಸಿನ ಅಂಗಿಯನ್ನು ಹುಡುಕುತ್ತಿರುವನು. ಅಂದು ತಂದೆ ಕೊಡಿಸಿದುದೋ, ಕೊಡಿಸಲಾರದೆ ಹೋದುದೋ ಆದ ಆ ಬಣ್ಣವು ಐವತ್ತರ ಪ್ರಾಯದಲ್ಲಿ ಕೈಗೆ ಬಂದಾಗ ಮೈಗೆ ಹಿಡಿಸದು. ಆದರೂ ಅವನು ಅದನ್ನು ಬಿಡನು. ಇಲ್ಲಿ ಕೆಲಸಮಾಡುವುದು ಸ್ಮೃತಿ. ನೈಯಾಯಿಕರು ಸ್ಮೃತಿಯನ್ನು ಪ್ರಮಾಣಜನ್ಯವಾದ ಅನುಭವದಿಂದ ಬೇರೆಯಾಗಿಟ್ಟು, ಅದು ಸಂಸ್ಕಾರಮಾತ್ರದಿಂದ ಹುಟ್ಟುವುದೆಂದರು. ಆಲಂಕಾರಿಕರಾದರೋ ಅದೇ ಸ್ಮೃತಿಯನ್ನು ವ್ಯಭಿಚಾರಿಭಾವಗಳಲ್ಲಿ ಒಂದನ್ನಾಗಿ ಸೇರಿಸಿ ರಸಪೋಷಕವೆಂದರು. ಸಾಕ್ಷಿಯಾಗಿ ದುರ್ಬಲವಾದುದು ರಸಕ್ಕೆ ಪ್ರಬಲವಾಗಬಹುದು. ಹಳೆಯ ಅಂಗಿಗಳ ಹವ್ಯಾಸವು ಈ ಎರಡು ಶಾಸ್ತ್ರಗಳ ಗಡಿಯಲ್ಲಿ ನಿಂತಿರುವುದು. ಅದರ ಗುಣವೂ ದೋಷವೂ ಅಲ್ಲಿಂದಲೇ ಹೊರಡುವುವು.

ರಸದ ಕಡೆಗೆ ಬ್ರೆಜಿಲ್ ದೇಶದ ಹಳದಿಯ ಅಂಗಿಯೇ ನಿದರ್ಶನ. ೧೯೫೦ನೆಯ ಜುಲೈ ೧೬ರಂದು ರಿಯೊ ನಗರದ ಮಾರಕನಾ ಕ್ರೀಡಾಂಗಣದಲ್ಲಿ ಆ ದೇಶದವರು ಬಿಳಿಯ ಅಂಗಿಯನ್ನು ತೊಟ್ಟು ಉರುಗ್ವೆಗೆ ೨-೧ರಲ್ಲಿ ಸೋತು ವಿಶ್ವಕಪ್ಪನ್ನು ಕಳೆದುಕೊಂಡರು. ಸೋಲಿನ ಕಳಂಕವು ಬಿಳಿಯ ಬಟ್ಟೆಗೂ ಅಂಟಿತು. ೧೯೫೩ರಲ್ಲಿ ಒಂದು ದಿನಪತ್ರಿಕೆಯು ಧ್ವಜದ ನಾಲ್ಕು ಬಣ್ಣಗಳೂ ಇರುವ ಉಡುಪಿಗಾಗಿ ಸ್ಪರ್ಧೆಯನ್ನೇರ್ಪಡಿಸಲು, ಆಲ್ಡಿರ್ ಶ್ಲೀ ಎಂಬ ಹತ್ತೊಂಬತ್ತರ ತರುಣನು ಗೆದ್ದನು. ಹಳದಿಯ ಅಂಗಿ, ಹಸುರು ಅಂಚು, ನೀಲಿಯ ಚಲ್ಲಣ, ಬಿಳಿಯ ಕಾಲುಚೀಲ: ಇದು ೧೯೫೪ರಲ್ಲಿ ಬಳಕೆಗೆ ಬಂದಿತು. ಉರುಗ್ವೆಯ ಗಡಿಯೂರಾದ ಜಗ್ವಾರಾವೊದಲ್ಲಿ ಹುಟ್ಟಿದ ಆತನ ಒಲವು ಜನ್ಮಾರಭ್ಯ ಉರುಗ್ವೆಯ ತಂಡದ ಕಡೆಗೇ ಇದ್ದಿತೆಂಬುದು ವಿಧಿಯ ವಿನೋದ. ಇದನ್ನು ಬಲ್ಲವನಿಗೆ ಹಳದಿಯ ಹಿಂದೆ ಆ ಬಿಳುಪು ತೋರುವುದು. ಅರಿಯದವನಿಗೆ ಹಳದಿ ಹಳದಿಯೇ. ವಾಚ್ಯವನ್ನು ದಾಟಿ ವ್ಯಂಗ್ಯಕ್ಕೆ ಹೋಗಬಲ್ಲ ಸಂಗ್ರಾಹಕನನ್ನು ಸಹೃದಯನೆನ್ನಲು ಅಡ್ಡಿಯಿಲ್ಲ.

ಪ್ರಮಾಣದ ಕಡೆಗೆ ಇನ್ನೊಂದು ನಿದರ್ಶನ. ೧೯೮೬ನೆಯ ಜೂನ್ ೨೨ರಂದು ಮೆಕ್ಸಿಕೊ ನಗರದಲ್ಲಿ ಇಂಗ್ಲೆಂಡಿನ ಎದುರು ಮರಡೋನಾ ಹೊಡೆದ ಎರಡು ಗೋಲುಗಳು, ಒಂದು ಕೈಯಿಂದ ಆದ ವಂಚನೆಗೂ ಒಂದು ಕಾಲಿನ ಅದ್ಭುತಕ್ಕೂ, ಲೋಕಪ್ರಸಿದ್ಧವಾಗಿವೆ. ಅಂದಿನ ನೀಲಿಯ ಅಂಗಿ ತಂಡದೊಡನೆ ಬಂದುದಲ್ಲ. ಮೊದಲಿದ್ದ ನೀಲಿಯಂಗಿ ಆ ಬಿಸಿಲಿಗೆ ಭಾರವೆಂದು, ಆ ನಗರದ ಅಂಗಡಿಯೊಂದರಿಂದಲೇ ಹಗುರವಾದವನ್ನು ಕೊಂಡು ತಂದು, ಲಾಂಛನವನ್ನು ಹೊಲಿದು ಬೆಳ್ಳಿಬಣ್ಣದ ಅಂಕೆಗಳನ್ನು ಅವಸರದಲ್ಲಿ ಹಚ್ಚಿದ್ದರು. ಆಟ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಜ್ ಎಂಬವನು ಅದನ್ನು ತನ್ನ ಅಂಗಿಗೆ ವಿನಿಮಯವಾಗಿ ಪಡೆದನು. ಮೊದಲನೆಯ ಗೋಲಿಗೆ ಮುಂಚೆ ಚೆಂಡು ಗಗನಕ್ಕೇರಿದುದು ಈ ಹಾಜನ ಕಾಲಿನಿಂದಲೇ! ಬಹುಕಾಲ ಮ್ಯಾಂಚೆಸ್ಟರಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯದಲ್ಲಿದ್ದ ಆ ಅಂಗಿಯು ೨೦೨೨ನೆಯ ಮೇ ತಿಂಗಳಲ್ಲಿ ಸದಬೀಸ್ ಹರಾಜಿನಲ್ಲಿ ೭೧ ಲಕ್ಷ ಪೌಂಡುಗಳಿಗೂ ಮೀರಿ ಮಾರಾಟವಾಯಿತು. ಅದಕ್ಕೆ ಮೊದಲು ಮರಡೋನಾನ ಮಗಳು, ಇದು ಪೂರ್ವಾರ್ಧದಲ್ಲಿ ತೊಟ್ಟುದು, ಗೋಲುಗಳಾದ ಉತ್ತರಾರ್ಧದ್ದಲ್ಲ ಎಂದಳು. ಆಗ ಬಟ್ಟೆಯು ತಾನಾಗಿ ಏನನ್ನೂ ಹೇಳಲಿಲ್ಲ. ಪ್ರತ್ಯಕ್ಷವು ಸಾಲದಾಯಿತು, ಅಂಕೆ ಲಾಂಛನಗಳ ಅಂಟು ಹೊಲಿಗೆಗಳನ್ನು ಅಂದಿನ ಛಾಯಾಚಿತ್ರಗಳೊಡನೆ ಹೋಲಿಸಿ ಅನುಮಾನವನ್ನು ಆಶ್ರಯಿಸಬೇಕಾಯಿತು, ಅದಕ್ಕೆ ಹಾಜನ ಆಪ್ತವಾಕ್ಯವು ಬೆಂಬಲವಾಯಿತು. ಹರಾಜಿನವರು ಇದು ಗೋಲುಗಳದೇ ಅಂಗಿಯೆಂದು ನಿರ್ಣಯಿಸಿದರು. ಪೂರ್ವಾರ್ಧದ ಅಂಗಿಗೂ ಉತ್ತರಾರ್ಧದ ಅಂಗಿಗೂ ಬಟ್ಟೆಯಲ್ಲಿ ಭೇದವೇನು? ಭೇದವಿರುವುದು ಕಥೆಯಲ್ಲಿ. ಆ ೭೧ ಲಕ್ಷವು ಕಥೆಯ ಬೆಲೆ.

ಇನ್ನು ದೋಷಗಳು. ಒಂದನೆಯದು, ಅಂಗಡಿಯ ಚೀಟಿಯನ್ನೂ ಕೀಳದೆ, ಎಂದೂ ತೊಡದ ಅಂಗಿಯೇ ಉತ್ತಮವೆಂಬ ಭಾವನೆ. ಕನ್ನಡದ ಮನೆಗಳಲ್ಲಿ ಸರಸ್ವತೀಪೂಜೆಯ ದಿನ ಪುಸ್ತಕಗಳಿಗೆ ಅರಿಸಿನ ಕುಂಕುಮವಿಟ್ಟು ಅಂದು ಓದದಿರುವುದುಂಟು; ವರ್ಷವೆಲ್ಲ ಹಾಗೆಯೇ ಮಾಡಿದರೆ ಅದು ಭಕ್ತಿಯಲ್ಲ. ತೊಟ್ಟು ಮಾಸಿದ, ಹೆಸರಿನ ಅಚ್ಚು ಬಿರುಕುಬಿಟ್ಟ ಅಂಗಿಯಲ್ಲಿ ಒಬ್ಬ ಬಾಲಕನ ಬೇಸಗೆಯೊಂದು ಉಳಿದಿರುತ್ತದೆ. ಎರಡನೆಯದು, ಬೆಲೆಯನ್ನೇ ಗುಣವೆಂದು ಭ್ರಮಿಸುವುದು. ೧೯೬೬ರ ವಿಶ್ವಕಪ್ಪಿನ ಹರ್ಸ್ಟನ ಕೆಂಪಂಗಿಗೆ ೨೦೦೦ದಲ್ಲಿ ೯೧,೭೫೦ ಪೌಂಡು ಬಂದಿತು. ೧೯೭೦ರ ಪೆಲೆಯ ಅಂಗಿಗೆ ೨೦೦೨ರಲ್ಲಿ ೧,೫೭,೭೫೦. ಆಟಗಳು ಅಂದಿನವೇ ಇದ್ದುವು. ಏರಿದುದು ಕೊಳ್ಳುವವರ ಹಸಿವು. ಹಸಿವೇರಿದೆಡೆ ಕೂಟಕೃತಿಯೂ ಹುಟ್ಟುವುದು: ಹೊಸದಾಗಿ ನೇಯ್ದು ಹಳೆಯದೆಂದು ಮಾರುವರು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ತನ್ನ ನೆನಪನ್ನೇ ಪ್ರಮಾಣವೆಂದು ನಂಬಿ ಏನನ್ನೂ ಬರೆದಿಡದಿರುವುದು.

ಸಂಗ್ರಾಹಕನು ನಲವತ್ತು ವರ್ಷ ದುಡಿದು ಕೂಡಿಸಿದ ಮುನ್ನೂರು ಅಂಗಿಗಳಲ್ಲಿ ಒಂದೊಂದರ ವೃತ್ತಾಂತವೂ ಅವನ ತಲೆಯಲ್ಲಿಯೇ ಇರುವುದು. ಅವನು ಕಣ್ಣುಮುಚ್ಚಿದ ಮರುದಿನ ಮಕ್ಕಳ ಪಾಲಿಗೆ ಅವು ಪಾಲಿಯೆಸ್ಟರಿನ ರಾಶಿ. ಓಲೆಯನ್ನು ಪ್ರತಿಮಾಡಿದ ಲಿಪಿಕಾರರು ಗ್ರಂಥಾಂತ್ಯದಲ್ಲಿ ತಮ್ಮ ಹೆಸರು, ಊರು, ಸಂವತ್ಸರ, ತಿಥಿಗಳನ್ನು ಬರೆದು, ತಪ್ಪುಗಳಿದ್ದರೆ ಕ್ಷಮಿಸಬೇಕೆಂದು ಬೇಡುತ್ತಿದ್ದರು. ಆ ಎರಡು ಪಂಕ್ತಿಗಳಿಂದ ಎಷ್ಟೋ ಗ್ರಂಥಗಳ ಕಾಲದೇಶಗಳು ತಿಳಿದುಬಂದಿವೆ. ಅಂಗಿಯ ಸಂಗ್ರಾಹಕನ ಧರ್ಮವೂ ಇದೇ. ಎಲ್ಲಿ, ಯಾರಿಂದ ಬಂದಿತು, ಯಾವ ವರ್ಷದ್ದು, ಎಲ್ಲಿ ಹೊಲಿಸಲಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪ್ರತಿಯೊಂದರೊಡನೆ ಇಡತಕ್ಕದ್ದು. ತಿಳಿದುದನ್ನು ತಿಳಿದುದೆಂದೂ ನೆನೆದುದನ್ನು ನೆನೆದುದೆಂದೂ ಬೇರೆ ಬೇರೆಯಾಗಿ ಬರೆಯತಕ್ಕದ್ದು. ಮೊದಲನೆಯದು ಮುಂದಿನವರಿಗೆ ಚರಿತ್ರೆಯಾಗುವುದು. ಎರಡನೆಯದು, ಅಪ್ಪನು ಏತಕ್ಕಾಗಿ ಈ ಹಳೆಯ ಬಟ್ಟೆಯನ್ನು ಇಷ್ಟು ಜೋಪಾನಮಾಡಿದನೆಂಬುದನ್ನು ಅವನ ಮಕ್ಕಳಿಗೆ ತಿಳಿಸುವುದು.